ಬಾಲವಿಲ್ಲದ ಗಿಳಿ

ನಿನ್ನನ್ನು ಅಪ್ಪನ ಕೈಗೆ ಹಿಡಿದುಕೊಟ್ಟವಳು ರೂಪಾ ಅಲ್ಲ, ಚಿತ್ರಾ. ನಾನು. ನಿನ್ನ ಅಜ್ಜಿ.

ಮೂರನೇ ಕ್ಲಾಸಿಗೆ ನಿಂತ ಕೈ ಇದು, ಅಕ್ಷರವೆಲ್ಲ ಸೊಟ್ಟ. ಬಾಯಲ್ಲಿ ಹೇಳಲಾರೆ — ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ಸಂಜೆ ನೀನು ಒಂಟಿಕೊಪ್ಪಲಿನ ಈ ಬಾಗಿಲಿಗೆ ಬಂದು ನಿಂತಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ಎರಡು ವರ್ಷದ ಮೇಲೆ ನನ್ನ ಮೊಮ್ಮಗಳು! ಖುಷಿಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. "ಉಪ್ಪು ಎರಡ್ ಸಲ ಬಿದ್ದಿದೆ ಅಜ್ಜಿ," ಎಂದು ಮುಖ ಎತ್ತದೆ ಹೇಳಿ, ಪೂರ್ತಿ ಉಂಡೆ. ನಗು ಬಂತು, ಅಳುವೂ ಬಂತು. ಆಮೇಲೆ ನೀನೇ ಅಂದೆ — "ರೂಪಕ್ಕನೇ ಅಪ್ಪಂಗೆ ಹೇಳ್ಬುಟ್ಟಿದ್ದು. ನಾನ್ ಅವ್ಳ್ ಮನೇಲಿರೋದು ಇನ್ಯಾರ್ಗೂ ಗೊತ್ತಿರ್ಲಿಲ್ಲ."

ನಾನು ತಟ್ಟೆ ತೊಳೆಯಲು ಎದ್ದುಹೋದೆ. ಗೊತ್ತಿತ್ತು — ನನಗೆ ಗೊತ್ತಿತ್ತು.

ಆರು ವರ್ಷದವಳಿದ್ದಾಗ ನೀನು ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದೆ. ಆಗ ನಾವೆಲ್ಲ ನಿನ್ನನ್ನು ಹುಡುಗ ಅನ್ನುತ್ತಿದ್ದೆವು. ನಿನ್ನ ಸಮಾಧಾನಕ್ಕೆಂದು ಅಪ್ಪನ ಕಣ್ಣು ತಪ್ಪಿಸಿ ರಂಗೋಲಿ ಕಲಿಸಿದೆ: ಹದಿಮೂರು ಚುಕ್ಕಿ, ಏಳರವರೆಗೆ, ಪಕ್ಕದಲ್ಲೊಂದು ಗಿಳಿ. ಅವಸರದಲ್ಲಿ ಗಿಳಿಗೆ ಬಾಲ ಎಳೆಯುವುದು ಮರೆತಿದ್ದೆ. ಕಲಿತದ್ದನ್ನು ಬದಲಿಸುವವಳಲ್ಲ ನೀನು; ಅಂದಿನಿಂದ ನಿನ್ನ ಗಿಳಿಗೆ ಬಾಲವೇ ಇಲ್ಲ. ದಿನಾ ಬೆಳಿಗ್ಗೆ ಅದನ್ನು ಹಾಕಿದರೇ ನಿನಗೆ ಉಸಿರು ತಿರುಗುವುದು.

ನೀನು ಮನೆ ಬಿಟ್ಟು ನಾಲ್ಕು ತಿಂಗಳಾಗಿತ್ತು. ಅರಿಶಿನ ಕುಂಕುಮಕ್ಕೆಂದು ಶ್ರೀರಾಂಪುರಕ್ಕೆ ಹೋದವಳು, ಬಟ್ಟೆ ಹೊಲಿಯುವ ರೂಪಾಳ ಹೊಸಿಲ ಮುಂದೆ ಆ ಗಿಳಿಯನ್ನು ಕಂಡೆ. ಬದುಕಿದ್ದೀಯಾ! ರಸ್ತೆಯಲ್ಲೇ ಕೂತುಬಿಡುವಷ್ಟು ಸಂತೋಷ. ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ. ನಿನ್ನಪ್ಪ ನಾಗೇಶನನ್ನು ಕರೆಸಿ ಹೇಳಿದೆ: "ಶ್ರೀರಾಂಪುರ, ಮೂಲೆ ಮನೆ. ಬಾಲ ಇಲ್ದಿರೋ ಗಿಳಿ ನೋಡ್ಕೋ."

"ಮನೆಗ್ ಕರ್ಕೊಂಡ್ಬಂದ್ಬುಡ್ತೀನಿ, ಅಷ್ಟೇ ಕಣಮ್ಮ."

ನಂಬಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಗೇಟಿನ ಮುಂದೆ ನಿಂತಿದ್ದ ಅವನ ವ್ಯಾನಿನಲ್ಲಿ ಹಗ್ಗ ನೋಡಿದ್ದೆ. ಒಳಗೆ ಕೂತಿದ್ದ ಇಬ್ಬರನ್ನೂ ನೋಡಿದ್ದೆ. ನೀನು ಕೂದಲು ಕತ್ತರಿಸಿಕೊಂಡು ಮೊಮ್ಮಗನಾಗಿ ಬರಬೇಕು ಎಂದು — ಒಳಗೆಲ್ಲೋ — ನನಗೂ ಆಸೆಯಿತ್ತು. ಅಡ್ಡ ಬಂದ ರೂಪಾಳ ಕೈ ಮುರಿದರು; ಅದು ನಿನ್ನ ಕಣ್ಣಿಗೆ ಬೀಳಲಿಲ್ಲವೇನೋ. ನಿನ್ನನ್ನು ಹಿನಕಲ್ ಆಚೆ, ಇಂಥ ಮಕ್ಕಳನ್ನು ಸರಿಮಾಡುತ್ತೇವೆ ಅನ್ನುವವರ ಮನೆಯಲ್ಲಿ ಕೂಡಿಹಾಕಿದರು — ಅಲ್ಲಿನ ಅಡುಗೆಯ ಹೆಂಗಸು ಮೊನ್ನೆ ಬೀಗ ತೆಗೆಯುವವರೆಗೆ. ಆ ಮನೆಯ ಮಾತು ನೀನು ಎತ್ತುವುದಿಲ್ಲ. ನಿನ್ನ ಮಣಿಕಟ್ಟಿನ ಕಲೆ ನೋಡಿದೆ.

ನಿನ್ನೆ ರೂಪಾ ಗೇಟಿನವರೆಗೆ ಬಂದಿದ್ದಳು. ಆ ಕೈ ಇನ್ನೂ ನೆಟ್ಟಗಾಗಿಲ್ಲ. "ಒಂದ್ಸಲ ಮುಖ ನೋಡ್ಕೊಂಡು ಹೋಗ್ಬುಡ್ತೀನಿ ಅಜ್ಜೀ." ನೀನು ಬಾಗಿಲು ಹಾಕಿದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಈಗ ಅವಳ ಮನೆಗೆ ಹೊರಟಿದ್ದೇನೆ, ಇದನ್ನೇ ಹೇಳಲು. ನಾಗೇಶ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ; ನಾನು ಎತ್ತಿಲ್ಲ. ಒಳಗಿಂದ ಚಿಲಕ ಹಾಕಿಕೋ. ನಾನೇ ಬಂದು ಕೂಗಿದರೂ — ತೆಗೆಯಬೇಕು ಅನ್ನಿಸಿದರೆ ಮಾತ್ರ ತೆಗೆ.

ಇನ್ನೊಂದು. ಬೆಳಿಗ್ಗೆ ನೀನು ಹಾಕಿದ ರಂಗೋಲಿಗೆ ನೀರು ಸುರಿದು ಅಳಿಸಿದ್ದೇನೆ. ಸಿಟ್ಟು ಬರುತ್ತದೆ, ಬರಲಿ. ಅವನು ಈ ಬೀದಿಗೆ ಬಂದರೆ ಆ ಗಿಳಿಯ ಗುರುತು ಹಿಡಿಯುತ್ತಾನೆ, ಚಿತ್ರಾ. ಹೇಳಿಕೊಟ್ಟವಳು ನಾನೇ.