ಒಂದು ಕಂಪ್ಯೂಟರಿಗೆ ಇಬ್ಬರು

ಬೂಕನಕೆರೆಯ ಚಲುವರಾಜು ಅವರ ಮಗಳು ತನುಶ್ರೀ ಯಾರಿಗೂ ಕೇಡು ಬಗೆದವಳಲ್ಲ. ಆದರೂ ಬಿ.ಎಸ್ಸಿ. ಕಡೆಯ ವರ್ಷದಲ್ಲಿ ತನ್ನಿಂದ ಗೆಳತಿಗೆ ಅನ್ಯಾಯವಾಯಿತೆಂಬ ಅಳುಕು ಇವತ್ತಿಗೂ ಅವಳನ್ನು ಬಿಟ್ಟಿಲ್ಲ.

ಅವಳು ಓದಿದ್ದು ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ. ಗಣಿತದ ಮಕ್ಕಳು ಲೆಕ್ಕವನ್ನು ಕಂಪ್ಯೂಟರಿನಲ್ಲೂ ಮಾಡಿ ತೋರಿಸಬೇಕೆಂದು ಆ ವರ್ಷ ಪೈಥಾನ್ ಪ್ರೋಗ್ರಾಮಿಂಗ್ ಪಾಠವಿತ್ತು. ಲ್ಯಾಬಿನಲ್ಲಿ ಕೆಟ್ಟು ಕೂತ ಕಂಪ್ಯೂಟರುಗಳೇ ಹೆಚ್ಚು. ಹಾಗಾಗಿ ಒಂದಕ್ಕೆ ಇಬ್ಬರು. ತನುಶ್ರೀಗೆ ಜೊತೆಯಾದವಳು ಅಕ್ಕಿಹೆಬ್ಬಾಳಿನ ದಾಸಯ್ಯನವರ ಮಗಳು ಸ್ನೇಹ. ಮೊದಲ ವರ್ಷದಿಂದಲೂ ಇಬ್ಬರದೂ ಒಂದೇ ಬೆಂಚು.

ಅಣ್ಣ ಅಪ್ಪುವಿನ ಲ್ಯಾಪ್‌ಟಾಪಿನಲ್ಲಿ ಕೈಯಾಡಿಸಿ ರೂಢಿಯಿದ್ದ ತನುಶ್ರೀ ಮೊದಲ ದಿನ ಕೀಬೋರ್ಡಿನ ಮುಂದೆ ಕೂತಳು. ಸ್ನೇಹ ಪಕ್ಕಕ್ಕೆ ಸ್ಟೂಲು ಎಳೆದುಕೊಂಡಳು. ಮರುವಾರವೂ ಹಾಗೆಯೇ. ಯಾರೂ ಗೊತ್ತುಮಾಡದೆ ಆ ಜಾಗಗಳು ಕಾಯಂ ಆದವು.

ಗಣಿತದಲ್ಲಿ ಸ್ನೇಹಳ ತಲೆ ಬಲು ಚುರುಕು. ಸಮೀಕರಣದ ಉತ್ತರಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗುವ ನ್ಯೂಟನ್ ವಿಧಾನದ ಪ್ರೋಗ್ರಾಂ ಬರೆಯುವಾಗ ಅವಳೇ ತಡೆದಳು. "ಛೇದ ಸೊನ್ನೆ ಆಗ್ಬುಟ್ರೆ? ಮೊದ್ಲು ಅದ್ನ ನೋಡ್ಕಂಡು ಆಮ್ಯಾಕೆ ಭಾಗಿಸ್ಬೇಕು ಕಣೆ." ತನುಶ್ರೀ ಹಾಗೇ ಟೈಪು ಮಾಡಿದಳು. ಹಿಂದೆ ಬಂದು ನಿಂತ ಮೇಷ್ಟ್ರು, "ಶಭಾಷ್ ತನುಶ್ರೀ, ಇದನ್ನ ಯಾರೂ ಯೋಚನೆ ಮಾಡಿರಲಿಲ್ಲ" ಎಂದರು. ಯೋಚನೆ ಸ್ನೇಹಳದು ಎಂದು ಹೇಳಲು ತನುಶ್ರೀ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದೆ ಹೋಗಿದ್ದರು. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ.

ಒಂದು ದಿನ ಸ್ನೇಹ, "ಇವತ್ತು ನಾನು ಒಸಿ ಟೈಪ್ ಮಾಡ್ಲಾ?" ಎಂದಳು. ಒಂದೊಂದು ಅಕ್ಷರಕ್ಕೂ ಅವಳ ಬೆರಳು ಅಲೆಯುತ್ತಿತ್ತು. ತನುಶ್ರೀಗೆ ತಾಳ್ಮೆ ಕೆಟ್ಟಿತು. "ಕೊಡಿಲ್ಲಿ, ಟೈಮಾಯ್ತದೆ" ಎಂದು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಸ್ನೇಹ ಕೇಳಲಿಲ್ಲ.

ಪರೀಕ್ಷೆಯ ದಿನ ತಂಡ ತಂಡವಾಗಿ ಕರೆದು ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರು ಕೊಟ್ಟರು. ಸ್ನೇಹಳಿಗೆ ಬಂದದ್ದು ಅದೇ ನ್ಯೂಟನ್ ವಿಧಾನ. ಕಾಗದದ ಮೇಲೆ ತಪ್ಪಿಲ್ಲದೆ ಬರೆದಳು. ಕಂಪ್ಯೂಟರಿಗೆ ಬಂದಾಗ ಸಾಲಿನ ಕೊನೆಯಲ್ಲಿ ಒಂದರ ಮೇಲೊಂದು ಎರಡು ಚುಕ್ಕಿ ಹಾಕಬೇಕಿತ್ತು. ಅವಳು ಒತ್ತಿದಾಗಲೆಲ್ಲ ಚುಕ್ಕಿಯ ಕೆಳಗೆ ಅಲ್ಪವಿರಾಮ ಬೀಳುತ್ತಿತ್ತು. ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಅಕ್ಷರಗಳು.

ಪಕ್ಕದ ಸಾಲಿನಲ್ಲಿದ್ದ ತನುಶ್ರೀಗೆ ಎಲ್ಲ ಕಾಣುತ್ತಿತ್ತು. ಸ್ನೇಹ ಒಮ್ಮೆ ತಲೆಯೆತ್ತಿ ಇವಳತ್ತ ನೋಡಿದಳು. ಜೊತೆಗೆ ಶಿಫ್ಟ್ ಕೀಯನ್ನೂ ಒತ್ತು ಎಂದರೆ ಸಾಕಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಬೆನ್ನ ಹಿಂದೆಯೇ ನಿಂತಿದ್ದರು. ತನುಶ್ರೀ ತಲೆ ತಗ್ಗಿಸಿದಳು.

ಸ್ನೇಹ ಪ್ರಾಕ್ಟಿಕಲ್‌ನಲ್ಲಿ ಫೇಲಾದಳು. ತನುಶ್ರೀಗೆ ಮೈಸೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಇಬ್ಬರೂ ಒಟ್ಟಿಗೆ ಸೇರಬೇಕೆಂದುಕೊಂಡಿದ್ದ ಕೋರ್ಸು ಅದು.

ಒಂದು ಭಾನುವಾರ ಅಪ್ಪುವಿನ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಅವಳು ಮೈಸೂರಿನಿಂದ ರೈಲು ಹತ್ತಿ ಅಕ್ಕಿಹೆಬ್ಬಾಳಿನಲ್ಲಿ ಇಳಿದಳು. ಸ್ನೇಹಳ ತಾಯಿ ಕುಳ್ಳಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತ ತನುಶ್ರೀಗೆ ತಡೆಯಲಾಗಲಿಲ್ಲ.

"ಅಮ್ಮ, ಸ್ನೇಹ ಫೇಲಾಗಿದ್ದು ನನ್ನಿಂದ. ಅವ್ಳಿಗೆ ಒಂದಿನಾನೂ ಕೀಬೋರ್ಡ್ ಬುಡ್ಲಿಲ್ಲ ನಾನು."

"ನೀನೇನ್ ಮಾಡ್ದೆ ಬುಡವ್ವ" ಎಂದರು ಕುಳ್ಳಮ್ಮ. "ಮುಂದ್ಕೋಗಿ ಕೂತ್ಕಳದು ನಮ್ ಕೇರಿಯವ್ರಿಗೆ ರೂಢಿಯಿಲ್ಲ. ದೂರ ನಿಂತ್ಕಂಡು ನೋಡೋದೇ ರೂಢಿ."

ಆ ಮಾತಿನಲ್ಲಿ ಚುಚ್ಚುವಿಕೆ ಇರಲಿಲ್ಲ. ಅದಕ್ಕೇ ಅದು ತನುಶ್ರೀಯನ್ನು ಹೆಚ್ಚು ತಟ್ಟಿತು. ಎಲ್ಲಿ ಹೋದರೂ ಮುಂದಿನ ಜಾಗ ತನ್ನದೇ ಎಂದು ತಾನೇಕೆ ಕೂತುಬಿಡುತ್ತೇನೆಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ.

ಒಳಗಿನಿಂದ ಬಂದ ಸ್ನೇಹ, "ಎಲ್ಲಾನೂ ನಿನ್ ಮ್ಯಾಲೆ ಆಕ್ಕಬ್ಯಾಡ. ಇನ್ನೊಂದ್ಸಲ ಕೇಳ್ಬೇಕಿತ್ತು, ನಾನೂ ಕೇಳ್ಲಿಲ್ಲ" ಎಂದಳು.

"ಕೇಳಂಗೆ ನಾನೆಲ್ಲಿ ಬುಟ್ಟಿದ್ದೆ?"

ಸ್ನೇಹ ಬಂದು ಪಕ್ಕದಲ್ಲಿ ಕೂತಳು. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಮತ್ತೆ ಅಲೆಯತೊಡಗಿತು. ತನುಶ್ರೀಯ ಕೈ ತಾನಾಗಿಯೇ ಮುಂದೆ ಹೋಯಿತು.

"ಕೈ ತಗಿ" ಎಂದಳು ಸ್ನೇಹ, ತಲೆಯೆತ್ತದೆ.

ಒಂದೇ ಪ್ರೋಗ್ರಾಮಿಗೆ ಮಧ್ಯಾಹ್ನದವರೆಗೂ ಹಿಡಿಯಿತು. ಕೊನೆಗೆ ಉತ್ತರ ಬಂದಾಗ ಸ್ನೇಹ ಅದನ್ನು ಸುಮ್ಮನೆ ಮತ್ತೆ ಮತ್ತೆ ಓಡಿಸಿ ನೋಡಿದಳು. ಅಪ್ಪು ಫೋನಿನಲ್ಲಿ ಗೊಣಗಿದರೂ ಲ್ಯಾಪ್‌ಟಾಪ್ ಆ ಮನೆಯಲ್ಲೇ ಉಳಿಯಿತು.

ಮರುವರ್ಷ ಸ್ನೇಹ ಪಾಸಾಗಿ ಅದೇ ಮೈಸೂರಿಗೆ ಬಂದಳು. ತನುಶ್ರೀ ಅಷ್ಟರಲ್ಲಿ ಎರಡನೇ ವರ್ಷ. ಮನೆಯಿಂದ ತಂದ ಕಜ್ಜಾಯದ ಡಬ್ಬಿ ಹಿಡಿದು ಅವಳು ಸ್ನೇಹಳ ಹಾಸ್ಟೆಲ್ ರೂಮಿಗೆ ಹೋದಾಗ, ಸ್ನೇಹ ಖುಷಿಯಿಂದ ಕೈಹಿಡಿದು ಒಳಗೆ ಕರೆದಳು. ರೂಮಿನ ಹುಡುಗಿಯರಿಗೆ, "ಇವ್ರು ತನುಶ್ರೀ ಅಂತ, ನಮ್ ಕಡೆಯವ್ರು. ನಮ್ ಸೀನಿಯರ್ರು" ಎಂದಳು.

ಹುಡುಗಿಯರು ತಟ್ಟನೆ ಎದ್ದು ಮಂಚದ ಮೇಲೆ ಜಾಗ ಬಿಟ್ಟರು. ತನುಶ್ರೀ ಕೂರಲಿಲ್ಲ. "ಸೀನಿಯರ್ ಏನಲ್ಲ, ನಾವಿಬ್ರೂ ಒಂದೇ ಕ್ಲಾಸು" ಎಂದಳು.

"ಆವಾಗ ಇದ್ವಿ ಕಣೆ" ಎಂದಳು ಸ್ನೇಹ, ನಗುತ್ತಲೇ, ಕಜ್ಜಾಯ ಮುರಿದು ಎಲ್ಲರ ಕೈಗೂ ಹಂಚುತ್ತ.