ಲಾಕಿಗೆ ಹಚ್ಚಿದ ಗಂಧ

ಇದನ್ನು ಹೇಳುವುದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮುಂದೂಡಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿಯಿತ್ತು. ಮದುವೆ ಪತ್ರಿಕೆ, ಕರಪತ್ರದ ಕೆಲಸ. ಭದ್ರಾವತಿಯಲ್ಲೂ ಒಂದು ತೆರೆದೆ. ಅಲ್ಲಿ ಟೈಪ್ ಮಾಡಲು ಕಾರ್ಖಾನೆಯ ಹಿಂದಿನ ಬೀದಿಯ ಒಬ್ಬ ಹೆಂಗಸು ಸೇರಿದರು. ಗಂಡನಿಗೆ ಕೆಲಸವಿರಲಿಲ್ಲ, ಮನೆ ನಡೆಯುತ್ತಿದ್ದುದು ಇವರ ಸಂಬಳದಲ್ಲೇ.

ಕನ್ನಡ ತಂತ್ರಾಂಶದ ಜೊತೆ ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕು ಕೊಡುತ್ತಿದ್ದರು. ಕಂಪ್ಯೂಟರಿನ ಹಿಂದೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ತೆರೆಯದು. ತಂತ್ರಾಂಶವನ್ನು ಎರಡೂ ಅಂಗಡಿಗೆ ಹಾಕಿಕೊಂಡೆ. ಲಾಕು ಮಾತ್ರ ಒಂದೇ. ಬೆಳಿಗ್ಗೆ ಶಿವಮೊಗ್ಗ, ಮಧ್ಯಾಹ್ನ ಭದ್ರಾವತಿ. ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಅದಕ್ಕೆ ಸದಾ ಉಪ್ಪಿನಕಾಯಿ ವಾಸನೆ.

ಆ ವರ್ಷ ಆಯುಧಪೂಜೆಗೆ ಶಿವಮೊಗ್ಗದ ಅಂಗಡಿಯಲ್ಲಿ ಎಲ್ಲ ಯಂತ್ರಗಳಿಗೂ ಗಂಧ, ಕುಂಕುಮ ಹಚ್ಚಿದೆ. ಅನ್ನ ಕೊಡುವ ಲಾಕಿಗೆ ಕಡಿಮೆಯಾಗಬಾರದೆಂದು ತುಸು ಹೆಚ್ಚೇ ಮೆತ್ತಿದೆ.

ಹಬ್ಬ ಮುಗಿಸಿ ನೇರ ಭದ್ರಾವತಿಗೆ ಹೋಗಿ ಲಾಕನ್ನು ಆಕೆಯ ಕೈಗೆ ಕೊಟ್ಟೆ. ಸಿಕ್ಕಿಸಿದರು. ತಂತ್ರಾಂಶ ತೆರೆಯಲಿಲ್ಲ. ಮದುವೆ ಪತ್ರಿಕೆಗೆ ಬಂದವರು ಎದುರಿಗೇ ಕೂತಿದ್ದರು.

"ಏನಮ್ಮ, ಅಡ್ಡಡ್ಡ ತುರುಕಿ ಹಾಳು ಮಾಡಿದ್ರಲ್ಲ?" ಎಂದೆ.

"ನೀವ್ ಕೊಟ್ಟಂಗೇ ಹಾಕ್ದೆ ಸಾರ್."

"ನಿಂಗೆ ಬೇರೆ ಯಾರೂ ಸಿಗ್ಲಿಲ್ವ ಮಾರಾಯ?" ಎಂದರು ಗಿರಾಕಿ.

ಅವರೆದುರು ಯಜಮಾನನಂತೆ ಕಾಣಬೇಕಿತ್ತು. "ನಾಳೆಯಿಂದ ಬರ್ಬೇಡಿ" ಎಂದೆ. ಆಕೆ ಕೀಬೋರ್ಡಿಗೆ ಬಟ್ಟೆ ಹೊದಿಸಿ ಹೊರಟುಹೋದರು.

ಮೂರು ದಿನದ ಮೇಲೆ ತಂತ್ರಾಂಶದ ಕಂಪನಿಯವರು ಶಿವಮೊಗ್ಗಕ್ಕೆ ಬಂದರು.

"ದುಡ್ಡು ಕೊಟ್ಟು ಕೊಂಡಿದೀನಿ, ಇನ್ನೊಂದು ಲಾಕ್ ಕೊಟ್ಬಿಡಿ" ಎಂದೆ.

"ನೀವು ಕೊಂಡಿರೋದು ಬಸ್ಸಲ್ಲ ಸಾರ್, ಸೀಟು. ಕೆಲವರು ಒಂದು ಕಂಪ್ಯೂಟರಿಗೆ ಅಂತ ಲೈಸೆನ್ಸ್ ಕೊಡ್ತಾರೆ, ಕೆಲವರು ಇಷ್ಟು ಜನಕ್ಕೆ ಅಂತ, ಕೆಲವರು ವರ್ಷದ ಪಾಸ್ ಥರ. ನಮ್ದು ಲಾಕ್ ಎಲ್ಲಿದ್ಯೋ ಲೈಸೆನ್ಸ್ ಅಲ್ಲೇ."

"ದಿನಾ ಬಸ್ಸಲ್ಲಿ ತಗೊಂಡ್ ಹೋಗ್ತಿದ್ನಲ್ಲ, ತಪ್ಪಾ?"

"ಅದೊಂದೇ ಸಾರ್ ನೀವು ಸರಿಯಾಗಿ ಮಾಡಿರೋದು." ಲಾಕನ್ನು ತಿರುಗಿಸಿ ನೋಡಿದರು. "ಇದಕ್ಕೆ ಪೂಜೆ ಮಾಡಿದೋರು ಯಾರು?"

ಕಂಪ್ಯೂಟರಿಗೆ ಸಿಕ್ಕಿಸುವ ಲಾಕಿನ ಸೂಜಿಗಳ ನಡುವೆ ಗಂಧ ಒಣಗಿ ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರು, ತಂತ್ರಾಂಶ ತೆರೆಯಿತು.

"ಭದ್ರಾವತಿಯಲ್ಲಿ ಯಾರೋ ಹಚ್ಚಿರ್ಬೇಕು" ಎಂದೆ. ಆಕೆಯ ಮೇಲೆ ಹೊರಿಸಿದ ಎರಡನೆಯ ಸುಳ್ಳು ಅದು.

ಆ ಮದುವೆ ಪತ್ರಿಕೆಯನ್ನು ನಾನೇ ಎರಡು ಬೆರಳಿನಲ್ಲಿ ಟೈಪ್ ಮಾಡಿದೆ. ವಧುವಿನ ಜಾಗದಲ್ಲಿ ವಧುವಿನ ಅಪ್ಪನ ಹೆಸರು ಬಂತು. ಆಕೆಯಾಗಿದ್ದರೆ ಹಿಡಿಯುತ್ತಿದ್ದರು. ಒಮ್ಮೆ ಅವರ ಬೀದಿಯ ತಿರುವಿನವರೆಗೆ ಹೋಗಿ, ಬಸ್ಸು ತಪ್ಪುತ್ತದೆಂದು ನನಗೆ ನಾನೇ ಹೇಳಿಕೊಂಡು ಹಿಂದಿರುಗಿದೆ.

ನಾನು ಕ್ಷಮೆ ಕೇಳದೆ ಉಳಿದದ್ದು ಅವರನ್ನು: ಕೆಲಸ ಹೋದ ದಿನವೂ ನನ್ನ ಕೀಬೋರ್ಡಿಗೆ ಧೂಳು ಕೂರದಂತೆ ಬಟ್ಟೆ ಹೊದಿಸಿ ಹೋದ, ಕಾರ್ಖಾನೆಯ ಹಿಂದಿನ ಬೀದಿಯ ಆ ಹೆಂಗಸನ್ನು.