ತೊಟ್ಟಿಗೆ ತಗಲದ ಪೈಪು

ದೊಡ್ಡಮ್ಮನ ಅಂಗೈಯಲ್ಲಿ ಅಲ್ಲಲ್ಲಿ ಕಪ್ಪಗೆ ಮಿರುಗುವ ಗಟ್ಟಿ ಕಲೆಗಳಿದ್ದವು. ಕರಗಿದ ಪ್ಲಾಸ್ಟಿಕ್ ಚರ್ಮಕ್ಕೆ ಕಚ್ಚಿಕೊಂಡು ಅಲ್ಲೇ ಆರಿದ ಗುರುತುಗಳು ಅವು. ಅವಳು ತಲೆ ಸವರಿದರೆ ನನ್ನ ಕೂದಲು ಅವಕ್ಕೆ ಸಿಕ್ಕಿ ಎಳೆಯುತ್ತಿತ್ತು.

ಅವಳು ನನ್ನ ಅವ್ವನ ಅಕ್ಕ. ಎಂಬತ್ತರ ದಶಕದ ಮೊದಲಲ್ಲಿ, ಕುಂದಲಹಳ್ಳಿಯಿಂದಾಚೆ ಹೊಲಗಳಲ್ಲಿ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದಾಗ, ನಮ್ಮವರೆಲ್ಲ ಅಲ್ಲಿ ಗಾರೆ ಹೊರುತ್ತಿದ್ದರು. ಕಂಟ್ರಾಕ್ಟರನ ಆಳುಗಳು ಆಗಾಗ ತುಂಡು ಪೈಪು, ಹರಿದ ಪ್ಲಾಸ್ಟಿಕ್ ಹಾಳೆ, ಒಡೆದ ಡಬ್ಬಿಗಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಇಡುವರು. ಹೊಗೆ ನೇರವಾಗಿ ನಮ್ಮ ಗುಡಿಸಲುಗಳಿಗೇ ಬರುವುದು. ದೊಡ್ಡಮ್ಮ ಬೆಂಕಿಗೆ ಮೊದಲೇ ಹೋಗಿ ಸಿಕ್ಕಿದ್ದನ್ನು ಬಾಚಿಕೊಂಡು ಬರುತ್ತಿದ್ದಳು. "ಸುಟ್ರೆ ನಮ್ ಮೂಗಿಗೆ, ಮಡಗಿದ್ರೆ ನಮ್ ಮನೆಗೆ" ಎನ್ನುವಳು. ಹಾಳೆ ಗುಡಿಸಲಿಗೆ ಸೂರಾಯಿತು, ಮಳೆಗಾಲದಲ್ಲಿ ನನಗೆ ಕೊಪ್ಪೆಯಾಯಿತು. ಪೈಪಿನ ತುಂಡುಗಳು ಮಾತ್ರ ಮೂಲೆಯಲ್ಲಿ ಸುಮ್ಮನೆ ಬೆಳೆಯುತ್ತಿದ್ದವು. "ಯಾವಾಗ್ಲೇ ನೀನು ಕೊಳಲು ಊದೋದು?" ಎಂದು ಹೆಂಗಸರು ಕಿಚಾಯಿಸಿದರೆ, ಬಾಯಿ ತುಂಬ ಬೈದು ಅವರಿಗಿಂತ ಜೋರಾಗಿ ನಗುತ್ತಿದ್ದಳು.

ನಮಗೆ ಕುಡಿಯುವ ನೀರೆಂದರೆ ಪಕ್ಕದ ತೋಟದ ತೊಟ್ಟಿಯದು. ನಮ್ಮ ಜಾತಿಯವರು ತೋಟದೊಳಗೆ ಕಾಲಿಡುವಂತಿರಲಿಲ್ಲ. ಬೇಲಿಯ ಹೊರಗೆ ಕೊಡ ಇಟ್ಟುಕೊಂಡು ನಿಲ್ಲಬೇಕು, ತೋಟದ ಯಜಮಾನರ ಮನೆಯವರು ಯಾರಾದರೂ ಬಂದು ಎತ್ತರದಿಂದ ಹುಯ್ಯಬೇಕು. ಅವರು ಬಾರದ ದಿನ, ಸಿಮೆಂಟು ಕಲಸಲು ನಿಲ್ಲಿಸಿದ್ದ ಹೊಂಡದ ನೀರೇ ಗತಿ. ಅದನ್ನು ಕುಡಿದು ನನ್ನ ತಮ್ಮನಿಗೆ ವಾಂತಿಭೇದಿ ಹಿಡಿಯಿತು.

ಆಸ್ಪತ್ರೆಯ ನರ್ಸಮ್ಮ, "ಒಳ್ಳೇ ನೀರಿಗೆ ಉಪ್ಪು ಸಕ್ಕರೆ ಹಾಕಿ ಕುಡಿಸ್ತಾನೇ ಇರಿ, ನಿಲ್ಲಿಸ್ಬೇಡಿ" ಎಂದು ಹೇಳಿ ಕಳಿಸಿದರು. ಒಳ್ಳೆಯ ನೀರನ್ನು ಎಲ್ಲಿಂದ ತರುವುದು? ದೊಡ್ಡಮ್ಮ ಬೇಲಿಯ ಬಳಿ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಯಜಮಾನರ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ತೊಟ್ಟಿಯ ತುಂಬ ನೀರು ಕಣ್ಣೆದುರಿಗೇ ಹೊಳೆಯುತ್ತಿತ್ತು. ನುಗ್ಗಿಬಿಡೋಣವೆಂದರೆ, ನಮ್ಮ ಗುಡಿಸಲುಗಳು ನಿಂತಿದ್ದೂ ಅವರ ನೆಲದಲ್ಲೇ.

ಮರುದಿನ ಬೆಳಿಗ್ಗೆ ಯಜಮಾನರೊಬ್ಬರೇ ಬಂದರು, ತಮ್ಮ ಕೈಯಾರೆ ನೀರು ಹುಯ್ಯುವವರಲ್ಲ ಅವರು; ದೊಡ್ಡಮ್ಮ ದಾರಿಗೆ ಅಡ್ಡಬಿದ್ದಳು.

"ಸಾಮಿ, ತೊಟ್ಟಿಯಿಂದ ಬೇಲಿ ಕೆಳಗಿಂದ ಪೈಪು ಬುಡ್ತೀನಿ. ಪಂಪು ಓಡ್ದಾಗ ನೀರು ತಾನಾಗೇ ಬತ್ತದೆ. ಮಗ ಸಾಯ್ತದೆ ಸಾಮಿ."

ಅವರು ತೊಟ್ಟಿಯತ್ತ ನೋಡಿದರು. "ಬಿಟ್ಕೋ, ಅದಕ್ಕೆ ಇವತ್ತೊಂದಿನ ಒಳಗೆ ಬಾ. ಆದ್ರೆ ಪೈಪು ತೊಟ್ಟಿಗೆ ತಗಲ್ಬಾರ್ದು. ಆ ತುದೀಲಿ ನಿಮ್ ಕೈ ಇರುತ್ತಲ್ಲ. ಒಂದು ಗೇಣು ಕೆಳಗಿರ್ಲಿ."

ಆ ಗೇಣನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ದೊಡ್ಡಮ್ಮ ಮೂಲೆಯ ತುಂಡುಗಳನ್ನೆಲ್ಲ ಹೊರಗೆ ತಂದಳು. ಕೆಂಡ ಮಾಡಿ ಪೈಪಿನ ತುದಿಗಳನ್ನು ಮೆತ್ತಗೆ ಮಾಡಿದಳು. ಬರಿಗೈಯಲ್ಲೇ ಒಂದರೊಳಗೊಂದು ತುರುಕಿದಳು, ಬಿರುಕಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದಳು. ತಳ ಕಿತ್ತ ಡಬ್ಬಿಯೊಂದನ್ನು ಪೈಪಿನ ಬಾಯಿಗೆ ಸಿಕ್ಕಿಸಿ, ತೊಟ್ಟಿಯ ತೂಬಿನಿಂದ ಒಂದು ಗೇಣು ಕೆಳಗೆ ಗೂಟಕ್ಕೆ ಕಟ್ಟಿದಳು. ಯಜಮಾನರ ಆಳು ಬಗ್ಗಿ, ಗೇಣು ಹಾಕಿ ನೋಡಿದ.

ಕರೆಂಟು ಬಂದದ್ದು ಮಧ್ಯಾಹ್ನ. ಪಂಪು ಓಡಿತು, ತೂಬಿನಿಂದ ನೀರು ಸುರಿಯಿತು. ಗಾಳಿ ಬೀಸಿ ಧಾರೆಯೆಲ್ಲ ಡಬ್ಬಿಯ ಪಕ್ಕಕ್ಕೆ, ಮಣ್ಣಿಗೆ ಬಿದ್ದುಹೋಯಿತು.

"ಗಾಳೀನೂ ಅವ್ರ ಕಡೇನೇ ಕಣೆ" ಎಂದಳು ದೊಡ್ಡಮ್ಮ. ನಗಲಿಲ್ಲ. ಹರಿದ ಹಾಳೆಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಾಳಿಗೆ ಅಡ್ಡ ನಿಂತಳು. ನಾನು ಗುಡಿಸಲ ಕಡೆಯ ತುದಿಗೆ ಓಡಿ, ಅಲ್ಲಿನ ಪೈಪಿನ ಬಾಯಿಯನ್ನೇ ನೋಡುತ್ತ ಕೂತೆ. ಮೊದಲು ಬರೀ ಉಸಿರು ಬಂತು, ಆಮೇಲೆ ನೀರು ಬಂತು. ಕೊಡ ತುಂಬುವ ಮೊದಲೇ ಒಳಗಿನಿಂದ ಅವ್ವ ಕಿರುಚಿದಳು.

ಆ ಮೊದಲ ಕೊಡದ ನೀರಿನಲ್ಲಿ ದೊಡ್ಡಮ್ಮ ನನ್ನ ತಮ್ಮನ ಮೈ ತೊಳೆದಳು.

ದೊಡ್ಡಮ್ಮ ತೀರಿಕೊಂಡು ಎಷ್ಟೋ ವರ್ಷಗಳಾದವು. ಕೊನೆಗಾಲದಲ್ಲಿ ಕೆಮ್ಮಿ ಕೆಮ್ಮಿ ಸೊರಗಿದ್ದಳು. ಅವಳನ್ನು ತಿಂದದ್ದು ಆ ಹೊಗೆಯೇ ಎಂದು ನಾನು ನಂಬಿದ್ದೇನೆ. ಆ ಪೈಪು ಬಂದ ಮೇಲೆ ನಮ್ಮ ಗುಡಿಸಲುಗಳಲ್ಲಿ ಇನ್ನೊಂದು ಮಗು ಸಾಯಲಿಲ್ಲ. ನಾನು ಬದುಕಿ ಓದಿ, ಇದನ್ನು ಬರೆಯುವ ಮಟ್ಟಕ್ಕೆ ಬಂದದ್ದು ಅವಳ ಋಣ.

ಅಂದು ಸಂಜೆ, ತಮ್ಮನನ್ನು ಮಣ್ಣು ಮಾಡಿ ಬಂದ ಮೇಲೆ, ಅವಳು ಲೋಟದಲ್ಲಿ ನೀರು ತಂದು ನನ್ನ ಬಾಯಿಗೆ ಹಿಡಿದಳು. ನಾನು ಹಲ್ಲು ಕಚ್ಚಿಕೊಂಡೆ.

"ಕುಡಿಯೇ" ಎಂದಳು. "ಅವನ್ ಪಾಲೂ ನೀನೇ ಕುಡಿ."

ಕುಡಿದೆ. ನೀರು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತಿತ್ತು.